ಚುಕ್ಕಿಗೆ ಬೀಕನ್ ಇರಲಿಲ್ಲ

ಆ ದಿನ ಹಿಮದಲ್ಲಿ ಸ್ಕೀ ಮಾಡಲು ಹೊರಡುವಾಗ ನಾನೂ ಗೆಳೆಯನೂ ಎದೆಗೆ ಬೀಕನ್ ಕಟ್ಟಿಕೊಂಡೆವು. ಹಿಮ ಕುಸಿದು ಹೂತುಹೋದರೆ ಎಲ್ಲಿದ್ದೇವೆಂದು ಸಿಗ್ನಲ್ ಕೊಡುವ ಪುಟ್ಟ ಯಂತ್ರ ಅದು. ನನ್ನ ನಾಯಿ ಚುಕ್ಕಿಗೆ ಕಟ್ಟಲಿಲ್ಲ. ಮರೆತಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ಮನುಷ್ಯರ ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಸಿಗ್ನಲ್ ಕೊಡುತ್ತವೆ. ನಾಯಿಗೂ ಅದನ್ನೇ ಕಟ್ಟಿದರೆ, ಹಿಮದಡಿ ಇರುವುದು ಯಾರೆಂದು ಹುಡುಕುವವರಿಗೆ ಗೊತ್ತಾಗುವುದಿಲ್ಲ. ಇತ್ತ ನಾಯಿಯನ್ನು ಅಗೆದು ತೆಗೆಯುವಷ್ಟರಲ್ಲಿ ಅತ್ತ ಒಬ್ಬ ಮನುಷ್ಯನ ಉಸಿರು ನಿಂತಿರಬಹುದು. ಲೆಕ್ಕ ಸರಿಯಾಗಿಯೇ ಇದೆ. ಹೂತುಹೋಗಿದ್ದು ನನ್ನ ನಾಯಿಯಾದಾಗ ಮಾತ್ರ ಆ ಲೆಕ್ಕ ಗಂಟಲಲ್ಲಿ ಇಳಿಯಲಿಲ್ಲ.

ತಪ್ಪು ನನ್ನದೇ. ಹಿಂದಿನ ಎರಡು ದಿನ ಜೋರು ಗಾಳಿ ಬೀಸಿತ್ತು. ಗಾಳಿ ತಂದು ಪೇರಿಸಿದ ಹಿಮ ಹಲಗೆಯ ಹಾಗೆ ಗಟ್ಟಿಯಾಗಿ, ಕೆಳಗಿನ ಸಡಿಲ ಪದರದ ಮೇಲೆ ಸುಮ್ನೆ ಕೂತಿರುತ್ತದೆ. ಹಿಮಕುಸಿತದ ಅಪಾಯದ ಮಟ್ಟ ಐದರಲ್ಲಿ ಮೂರು ಎಂದು ಬೆಳಗ್ಗೆಯೇ ಓದಿದ್ದೆ. ಮರಗಳ ನಡುವೆಯೇ ಇಳಿಯೋಣ ಎಂದುಕೊಂಡವನು, ಕೊನೆಗೆ ದಾರಿ ಉಳಿಸಲು ಒಂದು ಬಯಲು ಇಳಿಜಾರನ್ನು ಅಡ್ಡ ಹಾಯಲು ಹೊರಟೆ. ಚಿಕ್ಕ ಜಾಗ ಅಲ್ವಾ, ಏನಾದೀತು ಎಂಬ ಧೈರ್ಯ.

ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೇ. ಕಾಲಡಿಯಲ್ಲಿ 'ವುಂಫ್' ಎಂದು ಏನೋ ಕುಸಿದ ಸದ್ದು. ಸ್ಕೀ ಮುಂದೆಯೇ ಬಿರುಕು ಓಡಿತು. ನಾನು ಅಂಚಿನ ಮರವೊಂದನ್ನು ತಬ್ಬಿಕೊಂಡೆ. ಚುಕ್ಕಿ ಇಪ್ಪತ್ತು ಮೀಟರ್ ಕೆಳಗಿದ್ದಳು. ಒಮ್ಮೆ ತಿರುಗಿ ನೋಡಿದಳು. ಆಮೇಲೆ ಬರೀ ಬಿಳಿ.

ನಾನು ಕೆಳಗೆ ನುಗ್ಗಲು ಹೋದೆ. "ನಿಂತ್ಕೊಳೋ! ಮೊದ್ಲು ಮೇಲೆ ನೋಡು," ಎಂದು ಗೆಳೆಯ ಕಿರುಚಿದ. ಮೇಲೆ ಇನ್ನೂ ಒಂದು ತುಂಡು ಜಾರದೆ ನೇತಾಡುತ್ತಿತ್ತು. ಅದರ ನೇರಕ್ಕೆ ಹೋಗದೆ, ಮರಗಳ ಬದಿಯಿಂದ ಒಬ್ಬರಾದ ಮೇಲೊಬ್ಬರು ಇಳಿದೆವು. ಒಂದು ನಿಮಿಷ ಹಿಡಿದಿರಬೇಕು. ಆ ಒಂದು ನಿಮಿಷ ಅವನಿಗೆ ಎರಡು ಬಾರಿಸಬೇಕು ಅನ್ನಿಸಿತ್ತು.

ಹಿಮದಡಿ ಸಿಕ್ಕಿಕೊಂಡವರಿಗೆ ಮೊದಲ ಹತ್ತು ಹದಿನೈದು ನಿಮಿಷವೇ ಎಲ್ಲ. ಆಮೇಲೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ಚುಕ್ಕಿ ಕೊನೆಗೆ ಕಂಡ ಜಾಗ ನೆನಪಿತ್ತು, ತುದಿ ಮುರಿದ ಒಂದು ಗಿಡದ ಪಕ್ಕ. ಅಲ್ಲಿಂದ ಹಿಮ ಹರಿದ ದಾರಿಯಲ್ಲೇ ಕಣ್ಣು ಹಾಯಿಸಿದೆವು. ಬಾಲವಿಲ್ಲ, ಬೆಲ್ಟಿಲ್ಲ. ಕೂಗಿದೆ. ನಮ್ಮ ದನಿ ಒಳಗಿನವರಿಗೆ ಕೇಳಿದರೂ ಒಳಗಿನ ದನಿ ಹೊರಗೆ ಬರುವುದು ಕಷ್ಟ ಎಂದು ಗೊತ್ತಿತ್ತು. ಆದರೂ ಕೂಗಿದೆ. ಅವಳು ಕೇಳಿಸಿಕೊಳ್ಳಲಿ ಎಂದು.

"ಆ ದಪ್ಪ ಮರದ ಹಿಂದೆ ಜಾಸ್ತಿ ಗುಡ್ಡೆ ಬಿದ್ದಿದೆ, ಅಲ್ಲಿ ಚುಚ್ಚು," ಎಂದ ಗೆಳೆಯ. ಪ್ರೋಬ್ ಕೋಲು ಜೋಡಿಸಿ ಗೇಣು ಗೇಣಿಗೆ ಚುಚ್ಚುತ್ತಾ ಹೋದೆವು. ನೆಲ ತಾಗಿದರೆ ಟಕ್ ಅನ್ನುತ್ತದೆ. ಎಷ್ಟನೆಯ ಸಲವೋ, ಟಕ್ ಅನ್ನಲಿಲ್ಲ. ಮೆತ್ತಗೆ ಒತ್ತಿ, ಹಿಂದಕ್ಕೆ ತಳ್ಳಿದ ಹಾಗಾಯಿತು. ಕೋಲನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯತೊಡಗಿದೆವು. ನೇರ ಮೇಲೆ ನಿಂತು ಅಗೆದರೆ ಅವಳ ಮೂತಿಯ ಮುಂದಿರುವ ಚೂರು ಜಾಗವನ್ನೂ ನಾವೇ ತುಳಿದು ಮುಚ್ಚಿಬಿಡುತ್ತೇವೆ. ಜಾರುವಾಗ ಹಿಟ್ಟಿನಂತಿದ್ದ ಹಿಮ, ನಿಂತ ಮೇಲೆ ಸಿಮೆಂಟು. ಸಲಿಕೆಯಲ್ಲಿ ಕಡಿದು ಕಡಿದು ತೆಗೆಯಬೇಕಾಯಿತು.

ಮೊದಲು ಸಿಕ್ಕಿದ್ದು ಹಿಂಗಾಲು. ಅದು ಅಲುಗಲಿಲ್ಲ. ಮೂತಿಯ ತನಕ ಕೈಯಲ್ಲೇ ಕೆರೆದೆ. ಬಿಟ್ಟ ಉಸಿರು ಕರಗಿಸಿದ ಹಿಮ ಮತ್ತೆ ಹೆಪ್ಪುಗಟ್ಟಿ ಮೂಗಿನ ಸುತ್ತ ತೆಳ್ಳನೆ ಮಂಜುಗಡ್ಡೆಯಾಗಿತ್ತು. ಒಡೆದು ತೆಗೆದೆ. ಒಂದು ಸೀನು. ಆಮೇಲೆ ಕೆಮ್ಮು. ಗೆಳೆಯ ಗಡಿಯಾರ ನೋಡಿ "ಹದಿಮೂರು" ಎಂದವನೇ ಹಿಮದ ಮೇಲೆ ಕುಸಿದು ಕೂತ.

ನನ್ನ ಜಾಕೆಟ್ಟಿನಲ್ಲಿ ಸುತ್ತಿ ಸರದಿಯ ಮೇಲೆ ಹೊತ್ತುಕೊಂಡು ಬಂದೆವು. ಪಕ್ಕೆಲುಬು ಒಂದು ಬಿರುಕು ಬಿಟ್ಟಿದೆ, ವಿಶ್ರಾಂತಿ ಕೊಡಿ ಎಂದರು ಡಾಕ್ಟರು. ನಾಯಿಗಳಿಗೆಂದೇ 456 ಕಿಲೋಹರ್ಟ್ಸ್‌ನ ಪುಟ್ಟ ಬೀಕನ್ ಇದೆ ಎಂದು ಆಮೇಲೆ ಗೊತ್ತಾಯಿತು. ಆದರೆ ಎಲ್ಲ ಬೀಕನ್‌ಗಳೂ ಅದನ್ನು ಹಿಡಿಯುವುದಿಲ್ಲ.

ನಾನು ಕೊಂಡಿಲ್ಲ. ಅಂಥ ಇಳಿಜಾರಿಗೆ ಹೋಗುವ ದಿನ ಈಗ ಅವಳನ್ನು ಮನೆಯಲ್ಲೇ ಬಿಡುತ್ತೇನೆ. ಬೀಕನ್ ಬೆಲ್ಟಿನ ಕ್ಲಿಪ್ ಸದ್ದು ಕೇಳಿದರೆ ಸಾಕು, ಓಡಿಬಂದು ಬಾಗಿಲಿಗೆ ಅಡ್ಡ ನಿಂತು ಬಾಲ ಆಡಿಸುತ್ತಾಳೆ. ಅದಕ್ಕೇ ಈಗೀಗ ಅದನ್ನು ಹೊರಗೆ ಹೋಗಿ ಕಟ್ಟಿಕೊಳ್ಳುತ್ತೇನೆ.