ಆಟಿಯ ತೇವಕ್ಕೆ ಬಾಗದ ಹಾಳೆಯ ರಟ್ಟು: ನಾಲ್ಕನೆಯ ಪ್ರಯತ್ನ

ನಿನ್ನೆ ರಾತ್ರಿ ನಮ್ಮ ಚಾವಡಿಯಲ್ಲಿ ‘ಪಂಚವಟಿ’ಯ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನ) ನಡೆಯಿತು. ಹೊರಗೆ ಆಟಿಯ (ತುಳುವರ ಜುಲೈ-ಆಗಸ್ಟ್ ತಿಂಗಳು) ಮಳೆ ಬಿಡದೆ ಸುರಿಯುತ್ತಿದ್ದರೂ ಕಥೆಯ ಹಾಡುಗಳಿರುವ ಪ್ರಸಂಗ ಪುಸ್ತಕ ಎರಡೂವರೆ ಗಂಟೆ, ಹಾಡುವ ಭಾಗವತರ ಮುಂದೆ ತೆರೆದದ್ದು ತೆರೆದಂತೆಯೇ ಮಲಗಿತ್ತು. ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಹೊದೆಸಿದ ರಟ್ಟಿನ ಒಂದು ಮೂಲೆಯೂ ಮೇಲೇಳಲಿಲ್ಲ. ಮೂರು ಸಲ ಕೆಟ್ಟ ಕೆಲಸ ನಾಲ್ಕನೆಯ ಸಲ ಹೇಗೆ ಕೈಗೂಡಿತು ಎಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಪುಸ್ತಕವೆಂದರೆ ಅಜ್ಜ ಒಂದೊಂದಾಗಿ ಕೊಂಡು ಕೂಡಿಟ್ಟ ಒಂಬತ್ತು ಬಿಡಿ ಪ್ರಸಂಗಗಳು. ಅವುಗಳಲ್ಲಿ ಹೆಚ್ಚಿನವು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಕಡೆ ಆಟವಿಲ್ಲ, ತೋಟದಲ್ಲಿ ಹೆಚ್ಚು ಕೆಲಸವೂ ಇಲ್ಲ. ನೆರೆಯ ಮಲಯಾಳ ಮನೆಗಳಲ್ಲಿ ಕರ್ಕಾಟಕ ಮಾಸದುದ್ದಕ್ಕೂ ಎಳುತ್ತಚ್ಛನ್‌ನ ಅಧ್ಯಾತ್ಮ ರಾಮಾಯಣವನ್ನು ಓದುವ ದಿನಗಳಲ್ಲಿಯೇ ನಮ್ಮ ಮನೆಯಲ್ಲಿ ಅದೇ ಕಥೆ ತಾಳಮದ್ದಳೆಯಾಗಿ ನಡೆಯುತ್ತದೆ. ಅಜ್ಜನ ಕಾಲಕ್ಕೆ ನಿಂತುಹೋಗಿದ್ದ ಈ ಕೂಟವನ್ನು ಮತ್ತೆ ಆರಂಭಿಸಬೇಕೆಂದಾಗ ಮೊದಲು ಆಗಬೇಕಾದದ್ದು ಪುಸ್ತಕದ ಕಟ್ಟು.

ಹರಿದ ಮಡಿಕೆಗಳಿಗೆ ತೆಳು ಕಾಗದ ಹಚ್ಚಿದ್ದು, ಪಟ್ಟಿಗಳ ಮೇಲೆ ಹೊಲಿದದ್ದು ಎಲ್ಲರೂ ಮಾಡುವ ಕೆಲಸ, ವಿವರಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು: ಪ್ರಸಂಗ ಪುಸ್ತಕವನ್ನು ಪಕ್ಕದಿಂದ ಚುಚ್ಚಿ ಹೊಲಿಯಬಾರದು. ಭಾಗವತರ ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಕೋಲು ಇರುವಾಗ ಪುಟವನ್ನು ಒತ್ತಿ ಹಿಡಿಯಲು ಮೂರನೆಯ ಕೈ ಇರುವುದಿಲ್ಲ. ಪುಸ್ತಕ ತಾನಾಗಿಯೇ ಬಿಚ್ಚಿ ಮಲಗಬೇಕು. ರಟ್ಟು ಬಾಗಿದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ, ಪುಸ್ತಕ ತೊಟ್ಟಿಲಿನಂತೆ ತೂಗುತ್ತದೆ.

ಹೊದಿಕೆಗೆ ನಮ್ಮ ತೋಟದ ಹಾಳೆಯೇ ಆಗಬೇಕೆಂಬುದು ನನ್ನ ಹಟ. ನಾರಿನ ಉದ್ದಗೆರೆಗಳಿರುವ ಆ ಕಂದು ಮೈಗೆ ಯಾವ ಅಚ್ಚಿನ ಕಾಗದವೂ ಸಮವಲ್ಲ. ಮೊದಲ ಸಲ ಹಾಳೆಯನ್ನು ರಾತ್ರಿಯಿಡೀ ನೆನೆಸಿ, ಒದ್ದೆಯಾಗಿಯೇ ಅಂಟಿಸಿ, ಅರೆಯುವ ಕಲ್ಲಿನಡಿ ಮೂರು ದಿನ ಇಟ್ಟೆ. ಕಲ್ಲು ತೆಗೆದ ಎರಡನೆಯ ದಿನ, ಒಣಗುತ್ತ ಕುಗ್ಗಿದ ಹಾಳೆ ರಟ್ಟನ್ನೇ ಹೊರಕ್ಕೆ ಎಳೆದು ದೋಣಿಯಂತೆ ಬಗ್ಗಿಸಿತ್ತು. ಮದ್ದಳೆ ಬಾರಿಸುವ ನಮ್ಮ ಭಾವ ಅದನ್ನು ತಲೆಯ ಮೇಲಿಟ್ಟುಕೊಂಡು, “ಮುಟ್ಟಾಳೆ (ಹಾಳೆಯ ಟೋಪಿ) ಸರಿಯಾಗಿ ಕೂತಿದೆ ಭಾವಾ, ಪುಸ್ತಕಕ್ಕೆ ಬೇರೆ ಮಾಡು” ಎಂದರು. ಎರಡನೆಯ ಸಲ ಒಣ ಹಾಳೆಗೆ ಅಂಗಡಿಯ ಅಂಟು ಹಚ್ಚಿದೆ. ಪುಸ್ತಕ ತೆರೆದ ಕೂಡಲೇ ಬೆನ್ನಿನ ಅಂಚಿನಲ್ಲಿ ಹಾಳೆ ಸೀಳಿತು. ಅಂದಿನಿಂದ ಬೆನ್ನಿಗೆ ಕ್ಯಾಲಿಕೊ ಬಟ್ಟೆ, ಹಾಳೆ ಏನಿದ್ದರೂ ರಟ್ಟಿನ ಮೈಗೆ ಮಾತ್ರ ಎಂದು ತೀರ್ಮಾನಿಸಿದೆ.

ನಿಜವಾಗಿ ಕಂಗೆಡಿಸಿದ್ದು ಮೂರನೆಯದು. ಮೇ ತಿಂಗಳ ಬಿಸಿಲಿನಲ್ಲಿ ಅಡಿಕೆಯ ಜೊತೆಗೇ ಹಾಳೆಯನ್ನು ಗಲಗಲ ಎನ್ನುವಷ್ಟು ಒಣಗಿಸಿ, ನಾರನ್ನು ಬೆನ್ನಿಗೆ ಸಮಾನಾಂತರವಾಗಿಟ್ಟು, ಒಳಬದಿಗೆ ಕಾಗದ ಹಚ್ಚಿ ಮುಗಿಸಿದಾಗ ರಟ್ಟು ಕನ್ನಡಿಯಂತೆ ಸಪಾಟಾಗಿತ್ತು. ಜೂನ್ ಮೊದಲ ವಾರದ ಮಳೆ ಹಿಡಿದದ್ದೇ ತಡ, ಈ ಬಾರಿ ಅದು ತಿರುವುಮುರುವಾಗಿ, ನಡು ಉಬ್ಬಿ ಅಂಚುಗಳು ಪುಸ್ತಕದ ಕಡೆಗೆ ಬಾಗಿದವು. ಅದರಲ್ಲಿಯೂ ಮುಂದಿನ ರಟ್ಟು ತಿರುಚಿಕೊಂಡಿತ್ತು, ಹಿಂದಿನದು ಬರಿದೇ ಬಾಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡು ರಟ್ಟುಗಳನ್ನು ಬಿಡಿಸಿ ಬಗ್ಗಿಸಿ ನೋಡಿದಾಗ ಒಂದು ಕಾರಣ ಸಿಕ್ಕಿತು. ನಾನು ಅಳತೆ ಬರೆದುಕೊಟ್ಟು ತರಿಸಿದ ಎರಡು ರಟ್ಟುಗಳಲ್ಲಿ ಒಂದನ್ನು ನಾರಿನ ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಮಾರಿದವರು ಕತ್ತರಿಸಿ ಕಳುಹಿಸಿದ್ದರು. ಚೀಟಿಯಲ್ಲಿ ಬಾಣದ ಗುರುತು ಹಾಕಿ ದಿಕ್ಕು ತೋರಿಸಿದ್ದ ನನಗೆ ಬಂದ ಉತ್ತರ, “ರಟ್ಟಿಗೆ ದಿಕ್ಕು ಎಲ್ಲಿಯದು?” ಇಂತಹವರಿಂದ ಕತ್ತರಿಸಿದ ರಟ್ಟನ್ನು ತರಿಸಲೇಬಾರದು, ಇಡೀ ರಟ್ಟು ತಂದು ಮನೆಯಲ್ಲಿಯೇ ಕತ್ತರಿಸಬೇಕು.

ತಿರುಚಿದ್ದು ಅದರಿಂದಾಯಿತು, ಸರಿ, ಉಬ್ಬಿದ್ದು ಯಾಕೆ? ಉತ್ತರ ಸಿಕ್ಕಿದ್ದು ಮದ್ದಳೆಯಿಂದ. ಒಂದು ಸಂಜೆ ಭಾವ ಶ್ರುತಿ ಮಾಡಲು ಕುಳಿತು, ತೇವಕ್ಕೆ ಸಡಿಲಾದ ಚರ್ಮವನ್ನು ಬಿಗಿಗೊಳಿಸುತ್ತ, “ಬೇಸಗೆಯ ಶ್ರುತಿ ಮಳೆಗಾಲಕ್ಕೆ ನಿಲ್ಲುತ್ತದೆಯೋ?” ಎಂದು ಗೊಣಗಿದರು. ಹಾಳೆಯನ್ನು ನಾನು ಅದರ ಅತ್ಯಂತ ಒಣ ಸ್ಥಿತಿಯಲ್ಲಿ ರಟ್ಟಿಗೆ ಕಟ್ಟಿಹಾಕಿದ್ದೆ. ಗಾಳಿಯ ತೇವ ಹೀರಿ ನಾರಿಗೆ ಅಡ್ಡಲಾಗಿ ಹಿಗ್ಗುವುದು ಅದರ ಗುಣ, ಹಿಗ್ಗಲು ಜಾಗವಿಲ್ಲದೆ ಉಬ್ಬಿತು. ಪುಸ್ತಕ ತೆರೆಯುವುದು ಆಟಿಯಲ್ಲಾದರೆ, ಅದಕ್ಕೆ ಹಾಳೆ ಹೊದೆಸುವುದೂ ಅದೇ ಗಾಳಿಯಲ್ಲಾಗಬೇಕು.

ಹಾಗಾಗಿ ನಾಲ್ಕನೆಯ ಸಲ, ಆಟಿಯ ಹಿಂದಿನ ತಿಂಗಳಾದ ಕಾರ್ತೆಲಿನ ಮಳೆಯಲ್ಲಿಯೇ ಕುಳಿತೆ. ಹಾಳೆಯನ್ನು ಹತ್ತು ದಿನ ಚಾವಡಿಯಲ್ಲಿ ತೂಗಹಾಕಿ ಅಲ್ಲಿನ ಗಾಳಿಗೆ ಒಗ್ಗಿಸಿದೆ. ಇಪ್ಪತ್ತು ನಿಮಿಷ ಮಾತ್ರ ನೆನೆಸಿ, ಒಳಮೈಯ ತೆಳು ಪೊರೆ ಸುಲಿದು, ನಡುವಿನ ದಪ್ಪವನ್ನು ಕತ್ತಿಯಿಂದ ಹೆರೆದು ಅಂಚಿನಷ್ಟೇ ತೆಳುವಾಗಿಸಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ಬೆಳಿಗ್ಗೆ ಸಂಜೆ ಪತ್ರಿಕೆ ಬದಲಾಯಿಸುತ್ತ ನಾಲ್ಕು ದಿನ ಕಾದೆ. ಅಂಟನ್ನು ಹಾಳೆಗೆ ಹಚ್ಚದೆ ರಟ್ಟಿಗೇ ತೆಳುವಾಗಿ ಸವರಿದೆ. ಒಳಬದಿಗೆ ಮಾತ್ರ ಎರಡು ಪದರ ಕೈಕಾಗದವನ್ನು ಒದ್ದೆಯಾಗಿಯೇ ಹಚ್ಚಿದ್ದು, ಒಣಗುವಾಗ ಹಾಳೆಯ ಎಳೆತಕ್ಕೆ ಅದರ ಎಳೆತ ಎದುರಾಗಲಿ ಎಂದು. ಒತ್ತಿನಿಂದ ತೆಗೆದು ಹನ್ನೆರಡು ದಿನ ಜಗಲಿಯಲ್ಲಿ ಬಿಟ್ಟ ಮೇಲೂ ಮೂಲೆಯಡಿ ಒಂದು ರೂಪಾಯಿ ನಾಣ್ಯ ತೂರಲಿಲ್ಲ. ಬೇಸಗೆಯಲ್ಲಿ ಅದು ಸ್ವಲ್ಪ ಹೊರಕ್ಕೆ ಎಳೆದೀತು. ಆಗ ಪುಸ್ತಕ ಪೆಟ್ಟಿಗೆಯಲ್ಲಿ ಭಾರದಡಿ ಇರುತ್ತದೆ.

ಅಂಟಿಗೆ ಬೂಷ್ಟು ಬಾರದಂತೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕು ಎಂದು ಹಲವರು ಹೇಳಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಕಲಸಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮನೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೆ ತಾಮ್ರದ ಲವಣ ಕಾಲಕ್ರಮೇಣ ಕಾಗದವನ್ನೇ ಪುಡಿಗಟ್ಟಿಸುತ್ತದೆ. ಅಜ್ಜನ ಪುಟಗಳ ಹತ್ತಿರ ಅದನ್ನು ಸುಳಿಯಗೊಡಲಾರೆ. ಅಂದಂದೇ ಕುದಿಸಿದ ಮೈದಾ ಅಂಟಿಗೆ ನಾಲ್ಕು ಹನಿ ಲವಂಗದ ಎಣ್ಣೆ ಸಾಕಾಯಿತು.

ಇನ್ನು ಪುಸ್ತಕಕ್ಕೆ ವ್ಯಾಸಪೀಠ (ತೆರೆದಿಡುವ ಮರದ ಆಸರೆ) ಬೇಕು, ಅದೂ ಹಾಲೆ ಮರದ್ದು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಕುಡಿಯುವ ಅದೇ ಮರ. ಹಿಂದೆ ಶಾಲೆಯ ಮಕ್ಕಳು ಬರೆಯುವ ಹಲಗೆಗಳನ್ನು ಇದರಿಂದ ಮಾಡುತ್ತಿದ್ದುದರಿಂದಲೇ ಸಸ್ಯಶಾಸ್ತ್ರದಲ್ಲಿ ಇದಕ್ಕೆ ‘ಸ್ಕೊಲಾರಿಸ್’ ಎಂಬ ಹೆಸರು ಬಂದಿದೆ. ಕತ್ತಲಲ್ಲಿ ಗುರುತು ತಪ್ಪಿ ವಿಷದ ಮರವಾದ ಕಾಸರಕದ ತೊಗಟೆ ತಂದು ಜೀವಕ್ಕೇ ಅಪಾಯವಾದದ್ದಿದೆಯಾದ್ದರಿಂದ ನಮ್ಮ ಮನೆಯಲ್ಲಿ ಮುನ್ನಾದಿನ ಹಗಲಲ್ಲಿಯೇ ಮರಕ್ಕೆ ಬಳ್ಳಿ ಕಟ್ಟಿ ಗುರುತು ಮಾಡುತ್ತಾರೆ. ಹಾಗೆ ಗುರುತಿಟ್ಟ ಮರದ್ದೇ ಒಂದು ಕೊಂಬೆ ಕಳೆದ ವಾರದ ಗಾಳಿಗೆ ಮುರಿದು ಬಿದ್ದಿದೆ. ಅದನ್ನು ಸೀಳಿಸಿ ಹಲಗೆಗಳನ್ನು ಚಾವಡಿಯಲ್ಲಿಯೇ ಒರಗಿಸಿಟ್ಟಿದ್ದೇನೆ, ಬಿಸಿಲಿಗೆ ಇಡುವುದಿಲ್ಲ.