ಕುದುರೆ ಮಾರುವವನ ಕಡೆಯಿಂದ

ಒಂದು ದೇಶ ಆರಿಸಿಕೊಂಡು ಆಳುವ ಕಂಪ್ಯೂಟರ್ ಆಟ ಯೂರೋಪಾ ಯೂನಿವರ್ಸಾಲಿಸ್ 4 ಅನ್ನು ಮೊದಲ ಸಲ ತೆರೆದಾಗ ಭೂಪಟದಲ್ಲಿ ವಿಜಯನಗರ ಕಂಡಿತು. ಹಿಂದೆಮುಂದೆ ನೋಡದೆ ಒತ್ತಿಬಿಟ್ಟೆ. ಕನ್ನಡದವನು ಇನ್ನೇನು ಮಾಡಿಯಾನು, ಅಲ್ವಾ? ಆಟ ಶುರುವಾಗುವುದು 1444ರ ನವೆಂಬರ್ 11ಕ್ಕೆ. ಇತಿಹಾಸದಲ್ಲಿ ಅದು ಪ್ರೌಢದೇವರಾಯನ ಕಾಲ. ಹಂಪಿಯ ಮೇಲಿನ ಪ್ರೀತಿ ಏನೋ ಸರಿ, ಉತ್ತರದಲ್ಲಿ ಬಹಮನಿಗಳು ಕೂತಿದ್ದಾರಲ್ಲ! ಸಾಲ ತೀರಿಸುವುದು ಹೇಗೆ ಅಂತ ಕಲಿಯುವ ಮೊದಲೇ ರಾಯಚೂರಿನ ಆಸೆಗೆ ಯುದ್ಧ ಹೂಡಿದೆ. ಅರ್ಧ ರಾಜ್ಯ ಹೋಯಿತು.

ಈಗ ಪೋರ್ಚುಗಲ್ ಆಡುತ್ತಿದ್ದೇನೆ. ಹೊಸಬರಿಗೆ ಇದರಷ್ಟು ಹಾಯಾದ ದೇಶ ಇಲ್ಲ ಅನಿಸುತ್ತದೆ. ಯೂರೋಪಿನಲ್ಲಿ ಗಡಿ ಇರುವುದು ಈಗಿನ ಸ್ಪೇನಿನಲ್ಲಿದ್ದ ಕ್ಯಾಸ್ಟೀಲ್ ರಾಜ್ಯ ಒಂದರ ಜೊತೆ. ಅವರ ಸ್ನೇಹ ಉಳಿಸಿಕೊಂಡರೆ ಮನೆ ಕಡೆ ಚಿಂತೆ ಇಲ್ಲ. ಸುಮ್ನೆ ಹಡಗು ಕಳಿಸುವುದು, ಹೊಸ ತೀರ ಹುಡುಕುವುದು, ವ್ಯಾಪಾರ ನೋಡಿಕೊಳ್ಳುವುದು. ತುರ್ಕಿಯ ಆಟೋಮನ್ನರನ್ನು ಆರಿಸಿಕೊಂಡರೆ ಬಲ ಇನ್ನೂ ಜಾಸ್ತಿ, ನಿಜ. ಆದರೆ ನಾಲ್ಕು ದಿಕ್ಕಿನ ಯುದ್ಧ ನೋಡಿಕೊಳ್ಳುವಷ್ಟು ತಲೆ ನನಗಿಲ್ಲ.

ನಿನ್ನೆ ರಾತ್ರಿ ನನ್ನ ಹಡಗು ಆಫ್ರಿಕಾ ಸುತ್ತಿ ಗೋವಾ ಹತ್ತಿರ ಬಂತು. ಆಗ ಯಾಕೋ ಸ್ವಲ್ಪ ಕಸಿವಿಸಿ. ನಿಜವಾದ ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಬಿಜಾಪುರದಿಂದ ಕಿತ್ತುಕೊಂಡರು. ಕೃಷ್ಣದೇವರಾಯನ ಸೈನ್ಯಕ್ಕೆ ಕುದುರೆ ಮಾರಿದವರೂ ಅವರೇ. ಹಾಗಾದರೆ ಹಂಪಿಯ ಬಾಗಿಲಿಗೆ ಕುದುರೆ ತಂದು ನಿಂತವನು ಈಗ ನಾನು!

ಕಂಪ್ಯೂಟರ್ ಆಡಿಸುವ ವಿಜಯನಗರದ ಕಡೆ ಕಣ್ಣು ಹಾಯಿಸಿದೆ. ನನ್ನ ಕಾಲಕ್ಕಿಂತ ಚೆನ್ನಾಗಿದೆ. ಬಹಮನಿಗಳ ಸುಳಿವೇ ಇಲ್ಲ.