ಮಲಾವಿಯಲ್ಲಿ ಆರು ತಿಂಗಳು, ಮತ್ತು ಅಪ್ಪನ ಒಂದು ಪ್ರಶ್ನೆ

ಆಫ್ರಿಕಾದ ಮಲಾವಿ ದೇಶಕ್ಕೆ ಹೋಗುವುದು ಗಟ್ಟಿಯಾದ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದ್ದು 2023ರ ಫೆಬ್ರುವರಿಯಲ್ಲಿ. ಹಿಂದಿನ ಮುಂಗಾರಿನಲ್ಲಿ ಚಿತ್ತಾಪುರ ತಾಲೂಕಿನ ನಮ್ಮ ಹೊಲಕ್ಕೆ ನೆಟೆ ರೋಗ ಹೊಕ್ಕು ತೊಗರಿ ನಿಂತಲ್ಲೇ ಒಣಗಿತ್ತು. ಉಳಿದಷ್ಟನ್ನು ರಾಶಿ ಮಾಡಿ ಕಲಬುರಗಿಯ ನೆಹರು ಗಂಜಿನ ಮಾರುಕಟ್ಟೆಗೆ ಹಾಕಿ ಬಂದಿದ್ದ ಅಪ್ಪ, ಕಟ್ಟೆಯ ಮೇಲೆ ಕುಳಿತು ಅಡತಿಯವರು ಕೊಟ್ಟ ಚೀಟಿಯನ್ನು ಎರಡನೆಯ ಸಲ ಓದುತ್ತಿದ್ದರು. ಅಲ್ಲಿ ಹೋಗಿ ಮಾಡುವ ಕೆಲಸವೇನು ಎಂದು ಕೇಳಿದರು. ತೊಗರಿ ಬೆಳೆಯುವ ಹೆಣ್ಣುಮಕ್ಕಳ ಸಂಘಗಳಿಗೆ ಲೆಕ್ಕಪತ್ರ, ತೂಕ ಮತ್ತು ಮಾರಾಟದಲ್ಲಿ ನೆರವಾಗುವುದು ಎಂದೆ. ಚೀಟಿಯನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು, "ಅವ್ರ ತೊಗರಿ ಹಡಗದಾಗ ಬಂದು ಇಲ್ಲಿ ನಮ್ಮ ರೇಟ್ ಬೀಳಸ್ತದ. ನೀ ಹೋಗಿ ಅವ್ರಿಗಿ ಮಾರೋದು ಕಲಸ್ತಿ. ಇದ್ಯಾವ ಸೇವಾ ತಮ್ಮಾ?" ಎಂದರು.

ನಾನು ಏನೋ ದೊಡ್ಡ ಮಾತು ಹೇಳಿದೆ. ಬಡವರು ಎಲ್ಲಿದ್ದರೂ ಬಡವರೇ ಎಂಬ ಧಾಟಿಯ ಮಾತದು. ಅಪ್ಪ ಅದಕ್ಕೆ ಉತ್ತರಿಸದೆ ಊಟಕ್ಕೆ ಎದ್ದರು.

ಪರದೇಶಕ್ಕೆ ಹೋಗಿ ಸ್ವಯಂಸೇವೆ ಮಾಡುವುದೆಂದರೆ ಸಾಮಾನ್ಯವಾಗಿ ಶ್ರೀಮಂತ ದೇಶದ ಹುಡುಗರು ನಮ್ಮಂಥ ಕಡೆಗೆ ಬರುವುದು ಎಂದೇ ಅರ್ಥ. 1961ರಲ್ಲಿ ಶುರುವಾದ, ಅಮೆರಿಕ ಸರಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್‌ಗೆ ಇಂದಿಗೂ ಅಮೆರಿಕದ ನಾಗರಿಕರು ಮಾತ್ರ ಸೇರಬಹುದು. ಸಮಾಜಕಾರ್ಯದ ಪದವಿ ಮುಗಿಸಿ ಯಾದಗಿರಿಯ ಒಂದು ಸಂಸ್ಥೆಯಲ್ಲಿ ನಾನು ಕೆಲಸ ಮಾಡಿದ ಎರಡು ವರ್ಷಗಳಲ್ಲಿ ಪ್ರತಿ ಚಳಿಗಾಲದಲ್ಲೂ ಯುರೋಪಿನಿಂದ ಒಬ್ಬರೋ ಇಬ್ಬರೋ ಬರುತ್ತಿದ್ದರು, ಅವರ ಜೊತೆಗೆ ನನ್ನನ್ನು ಹಚ್ಚುತ್ತಿದ್ದರು. ಅವರಿಗೆ ಕುದಿಸಿದ ನೀರು, ಹಳ್ಳಿಗೆ ಹೋಗಲು ಗಾಡಿ, ಖಾರವಿಲ್ಲದ ಪಲ್ಯ ಹೊಂದಿಸುವುದು, ಅವರ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವುದು, ಬಂದ ಉತ್ತರದಲ್ಲಿ ಅವರಿಗೆ ನೋವಾಗಬಹುದಾದದ್ದನ್ನು ನುಂಗಿಕೊಂಡು ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು. ಒಳ್ಳೆಯ ಮನಸ್ಸಿನವರೇ. ಆದರೆ ಒಬ್ಬ ಅತಿಥಿ ಬಂದರೆ ಸಣ್ಣ ಸಂಸ್ಥೆಯ ಒಬ್ಬ ನೌಕರನ ಅರ್ಧ ದಿನ ಹೋಗುತ್ತದೆಂಬ ಲೆಕ್ಕ ನನಗೆ ಆಗಲೇ ಬಾಯಿಪಾಠವಾಗಿತ್ತು. ಹಾಗಾಗಿ ನಾನೇ ಅಂಥ ಅತಿಥಿಯಾಗುವಾಗ ಸ್ವಲ್ಪ ಅಳುಕಿತ್ತು.

ಅದಕ್ಕೂ ಮೊದಲು ಒಂದು ಮಧ್ಯವರ್ತಿ ಕಂಪನಿಗೆ ನೋಂದಣಿ ಶುಲ್ಕ ಕಟ್ಟಿ ಕಳೆದುಕೊಂಡದ್ದನ್ನೂ ಹೇಳಬೇಕು. ಆಫ್ರಿಕಾದ ಅನಾಥಾಲಯವೊಂದರಲ್ಲಿ ನಾಲ್ಕು ವಾರ ಮಕ್ಕಳಿಗೆ ಪಾಠ ಹೇಳುವ ಅವಕಾಶವೆಂದು ಅವರು ಬರೆದಿದ್ದರು. ನನಗೆ ಪಾಠ ಹೇಳಲು ಬರುತ್ತದೆಯೇ, ಮಕ್ಕಳೊಡನೆ ಕೆಲಸ ಮಾಡಿದ್ದೇನೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು ಕಾರ್ಡಿನ ನಂಬರು ಮಾತ್ರ. ತಿಂಗಳಿಗೊಬ್ಬ ಹೊಸ ಅಣ್ಣನೋ ಅಕ್ಕನೋ ಬಂದು ಮುದ್ದು ಮಾಡಿ ಹೋಗುವ ಮಕ್ಕಳ ಪಾಡೇನು ಎಂದು ಯೋಚಿಸಿದ ಮೇಲೆ ಹಣ ಹೋದದ್ದಕ್ಕಿಂತ ಕಟ್ಟಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು. ಮಲಾವಿಯ ಸಂಸ್ಥೆ ಇದಕ್ಕೆ ಪೂರಾ ವಿರುದ್ಧ. ಐದು ಜನ ನೌಕರರು, ಒಂದು ಬಾಡಿಗೆ ಮನೆ, ಒಂದು ಹಳೆಯ ಪಿಕಪ್ ಗಾಡಿ, ಇಷ್ಟೇ ಅದರ ಆಸ್ತಿ. ಫೋನಿನಲ್ಲಿ ಸಂದರ್ಶನ ಮಾಡಿದವರು ನನ್ನ ಆಸೆ ಆದರ್ಶಗಳನ್ನು ಕೇಳಲೇ ಇಲ್ಲ. ದಿನವಿಡೀ ಕುಳಿತು ಲೆಕ್ಕ ತುಂಬಬಲ್ಲೆಯಾ, ಬೇಸರವಾದರೆ ಏನು ಮಾಡುತ್ತೀ ಎಂದು ಕೇಳಿದರು. ಕೋಣೆ ಮತ್ತು ಮಧ್ಯಾಹ್ನದ ಊಟ ಅವರದು, ವಿಮಾನದ ಖರ್ಚು ನನ್ನದು.

ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಹೊಡೆದು ಊರೂರುಗಳನ್ನೇ ಕೊಚ್ಚಿಕೊಂಡು ಹೋಯಿತು. ನಾನು ಹೋಗಬೇಕಿದ್ದ ಫಲೊಂಬೆ ಜಿಲ್ಲೆಯೂ ಅದರಲ್ಲಿತ್ತು. ಈಗ ಬರುವುದು ಬೇಡವೆನ್ನುತ್ತಾರೇನೋ ಎಂದುಕೊಂಡೆ. ಬದಲಿಗೆ, ದಾಖಲೆಗಳೆಲ್ಲ ನೆನೆದು ಹೋಗಿವೆ, ಆದಷ್ಟು ಬೇಗ ಬಾ ಎಂಬ ಸಂದೇಶ ಬಂತು. ದಾರಿಯಲ್ಲಿ ಇಥಿಯೋಪಿಯಾ ಬೀಳುವುದರಿಂದ ಹಳದಿ ಜ್ವರದ ಲಸಿಕೆಯ ಚೀಟಿ ಬೇಕು, ಅದಿಲ್ಲದೆ ಹಿಂದಿರುಗಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆ ಇರಿಸುತ್ತಾರೆ. ಅದನ್ನು ಹಾಕಿಸಿಕೊಳ್ಳಲು ಹೈದರಾಬಾದಿನ ನಾರಾಯಣಗೂಡಕ್ಕೆ ಹೋಗಿ ಬಂದೆ. ಆ ಬಸ್ಸು ಹುಮನಾಬಾದ್, ಜಹೀರಾಬಾದ್ ಹಾಯ್ದು ಪಟಾನ್‌ಚೆರು ದಾಟುತ್ತದೆ. ರಸ್ತೆಯ ಆಚೆ ಇರುವ ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರವನ್ನು ಅಷ್ಟು ಸಲ ನೋಡಿದ್ದರೂ, ನಮ್ಮ ಭಾಗದ ರೈತರಿಗೆಲ್ಲ ಗೊತ್ತಿರುವ 'ಮಾರುತಿ' ತೊಗರಿಗೂ ಮಲಾವಿಯ ಹೊಲಗಳಲ್ಲಿ ನಾನು ಮುಂದೆ ಕಾಣಲಿದ್ದ 'ಕಚಂಗು' ತಳಿಗೂ ಅದೇ ಸಂಸ್ಥೆಯ ನಂಟಿದೆ, ಎರಡೂ ನೆಟೆ ರೋಗವನ್ನು ತಡೆದುಕೊಳ್ಳುವ ತಳಿಗಳು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಫಲೊಂಬೆ ಇರುವುದು ಮುಲಾಂಜೆ ಬೆಟ್ಟದ ಬುಡದಲ್ಲಿ. ಆ ಬೆಟ್ಟದ ತುದಿ 3,002 ಮೀಟರ್ ಎತ್ತರ. ಕಲಬುರಗಿಯ ಮೇ ತಿಂಗಳ ಬಿಸಿಲಿನಿಂದ ಸ್ವೆಟರಿಲ್ಲದೆ ಹೋದ ನನಗೆ ಜೂನಿನಲ್ಲಿ 'ಚಿಪೆರೋನಿ' ಎಂಬ ಜಿಟಿಜಿಟಿ ಮಳೆಗಾಳಿ ಎದುರಾಯಿತು. ಬೆಟ್ಟದಿಂದ ಉರುಳಿ ಬಂದ ಬಂಡೆಗಳು ಹೊಲಗಳ ನಡುವೆ ಹಾಗೇ ಬಿದ್ದಿದ್ದವು. ಅವುಗಳ ಸಂದುಗಳಲ್ಲಿ, ನನ್ನ ತಲೆಗಿಂತ ಎತ್ತರಕ್ಕೆ, ಹಳದಿ ಹೂವು ಬಿಟ್ಟು ನಿಂತಿದ್ದ ಬೆಳೆಯನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಚೆವಾ ಭಾಷೆಯಲ್ಲಿ ತೊಗರಿಗೆ 'ನಂದೋಲೋ' ಎನ್ನುತ್ತಾರೆ. ನವೆಂಬರ್, ಡಿಸೆಂಬರಿನ ಮೊದಲ ಮಳೆಗೆ ಮೆಕ್ಕೆಜೋಳದ ಜೊತೆಯಲ್ಲೇ ಬಿತ್ತಿ, ಏಪ್ರಿಲ್ ಹೊತ್ತಿಗೆ ಮೆಕ್ಕೆಜೋಳವನ್ನು ಕೊಯ್ದುಕೊಂಡ ಮೇಲೂ ಅದು ಹೊಲದಲ್ಲೇ ನಿಂತಿದ್ದು ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಟಾವಿಗೆ ಬರುತ್ತದೆ. ಹಸಿ ಕಾಯಿಯನ್ನು ನಮ್ಮಂತೆಯೇ ಉಪ್ಪು ಹಾಕಿ ಕುದಿಸಿ ತಿನ್ನುತ್ತಾರೆ, ಕಡ್ಡಿಯನ್ನು ನಮ್ಮಂತೆಯೇ ಒಲೆಗೆ ಹಾಕುತ್ತಾರೆ. ಬೇಳೆ ಮಾಡುವ ರೂಢಿ ಮಾತ್ರ ಹಳ್ಳಿಗಳಲ್ಲಿಲ್ಲ. ಇಡೀ ಕಾಳನ್ನು ಬೇಯಿಸಿ, ಮೆಕ್ಕೆಜೋಳದ ಹಿಟ್ಟಿನ 'ನ್ಸಿಮಾ'ದೊಂದಿಗೆ ಉಣ್ಣುತ್ತಾರೆ. ನಾವು ರೊಟ್ಟಿಯ ಜನ. ಮೊದಲ ವಾರ ಆ ಬಿಳಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲವೆಂಬುದನ್ನು ಮರೆಮಾಚುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಉಳಿತಾಯ ಸಂಘಗಳ ಲೆಕ್ಕ. ಅಲ್ಲಿ ಅದನ್ನು 'ಬ್ಯಾಂಕಿ ಮ್‌ಖೊಂಡೆ', ಅಂದರೆ ಪಡಸಾಲೆಯ ಬ್ಯಾಂಕು ಎನ್ನುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ನೋಡಿ ಬೆಳೆದವನಿಗೆ ಇದರಲ್ಲಿ ಹೊಸದೇನಿದೆ ಎಂದುಕೊಂಡಿದ್ದೆ. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿದ ಮೇಲೆ ನಮ್ಮಲ್ಲಿ ಸಂಘವೆಂದರೆ ಸಾಲದ ಬಾಗಿಲು ಎಂದಾಗಿದೆ. ಅಲ್ಲಿ ಬ್ಯಾಂಕು ದೂರ, ಹೊರಗಿನ ಸಾಲವಿಲ್ಲ. ಸದಸ್ಯರ ಹಣವೇ ಬಂಡವಾಳ, ಅದರಲ್ಲೇ ಸಾಲ, ಅದರದೇ ಬಡ್ಡಿ; ವರ್ಷದ ಕೊನೆಗೆ ಎಲ್ಲವನ್ನೂ ಪಾಲಿಗೆ ತಕ್ಕಂತೆ ಹಂಚಿಕೊಂಡು ಪೆಟ್ಟಿಗೆ ಬರಿದು ಮಾಡಿ ಮತ್ತೆ ಮೊದಲಿನಿಂದ ಶುರು. ತಗಡಿನ ಆ ಪೆಟ್ಟಿಗೆಗೆ ಮೂರು ಕೀಲಿ. ಮೂರು ಕೀಲಿಕೈ ಮೂರು ಬೇರೆ ಬೇರೆ ಮನೆಯ ಹೆಂಗಸರ ಸೆರಗಿನ ಗಂಟಿನಲ್ಲಿ (ಅವರದು ಸೀರೆಯಲ್ಲ, ಸೊಂಟಕ್ಕೆ ಸುತ್ತುವ 'ಚಿತೆಂಜೆ', ಆದರೆ ಗಂಟು ಹಾಕಿಕೊಳ್ಳುವ ರೀತಿ ನಮ್ಮ ಅಜ್ಜಿಯದೇ). ಒಬ್ಬಳು ಬಾರದಿದ್ದರೆ ಅಂದು ಪೆಟ್ಟಿಗೆ ತೆರೆಯುವುದಿಲ್ಲ.

ಪಾಸ್‌ಬುಕ್ಕಿನಲ್ಲಿ ಅಂಕಿಗಳಿಲ್ಲ, ಠಸ್ಸೆಗಳಿವೆ. ಒಂದು ಸಭೆಗೆ ಐದು ಮನೆಗಳ ಒಂದು ಸಾಲು. ಒಂದು ಪಾಲು ಕೊಂಡರೆ ಒಂದು ಮನೆಯಲ್ಲಿ ಠಸ್ಸೆ, ಐದು ಕೊಂಡರೆ ಐದೂ ತುಂಬುತ್ತವೆ, ಖಾಲಿ ಉಳಿದ ಮನೆಗಳನ್ನು ಆಮೇಲೆ ಯಾರೂ ತುಂಬದಂತೆ ಪೆನ್ನಿನಿಂದ ಅಡ್ಡಗೆರೆ ಎಳೆದು ಹೊಡೆದು ಹಾಕುತ್ತಾರೆ. ನಾನು ಆ ಪುಟಗಳ ಫೋಟೋ ತೆಗೆದುಕೊಂಡು ರಾತ್ರಿ ಕರೆಂಟ್ ಇದ್ದಷ್ಟು ಹೊತ್ತು ಕಂಪ್ಯೂಟರಿಗೆ ತುಂಬಿದೆ. ಠಸ್ಸೆಯ ಶಾಯಿಯೂ ನೀಲಿ, ಪೆನ್ನೂ ನೀಲಿ. ಮಳೆಗೆ ನೆನೆದ ಪುಟಗಳಲ್ಲಿ ಎರಡೂ ಹರಡಿ ಒಂದೇ ಬಗೆಯ ಕಲೆಯಾಗಿದ್ದವು. ಆಗಸ್ಟಿನ ಸಭೆಯಲ್ಲಿ ನಾನು ಮೊತ್ತವನ್ನು ಓದಿ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ ನಕ್ಕುಬಿಟ್ಟರು. ಪ್ರತಿ ಸಭೆಯ ಕೊನೆಗೆ ಪೆಟ್ಟಿಗೆಯಲ್ಲಿರುವ ಹಣವನ್ನು ಗಟ್ಟಿಯಾಗಿ ಹೇಳಿ, ಎಲ್ಲರೂ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಭೆಯಲ್ಲಿ ಒಪ್ಪಿಸುವ ಪದ್ಧತಿ ಅವರದು. ನನ್ನ ಲೆಕ್ಕದ ಪ್ರಕಾರ ಪೆಟ್ಟಿಗೆಯಲ್ಲಿ ಇರಬೇಕಾದ ಹಣ, ಇದ್ದದ್ದಕ್ಕಿಂತ ಬಹಳ ಹೆಚ್ಚು. ಅಂದರೆ ಕೀಲಿಕೈ ಇದ್ದ ಮೂವರಲ್ಲಿ ಯಾರೋ ಕದ್ದಿದ್ದಾರೆ ಎಂದು ನಾನು ಸಭೆಯ ಮುಂದೆ ಹೇಳಿದಂತಾಯಿತು. ಹೊಡೆದು ಹಾಕಿದ ಮನೆಗಳನ್ನೂ ನಾನು ಪಾಲೆಂದು ಎಣಿಸಿದ್ದೆ. ನಗು ಬಂದದ್ದರಿಂದ ಬಚಾವಾದೆ. ನಕ್ಕವರ ಬದಲಿಗೆ ಯಾರಾದರೂ ನನ್ನ ಕಂಪ್ಯೂಟರನ್ನು ನಂಬಿದ್ದರೆ, ಆರು ವರ್ಷದಿಂದ ನಡೆದುಬಂದ ಸಂಘ ಆ ಮಧ್ಯಾಹ್ನವೇ ಒಡೆಯುತ್ತಿತ್ತು.

ಮೂವರ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ಅವರಲ್ಲಿ ಹಿರಿಯರಾದ ಅಧ್ಯಕ್ಷೆ ಕಣದಲ್ಲಿ ನಂದೋಲೋ ತೂರುತ್ತಿದ್ದರು. ನನ್ನ ಕೈಗೂ ಒಂದು ಮೊರ ಕೊಟ್ಟರು. ಮೊರ ಹಿಡಿದ ರೀತಿ ನೋಡಿ, ನೀನು ಇದನ್ನು ಮೊದಲೇ ಬಲ್ಲೆ ಎಂದರು. ನಮ್ಮಲ್ಲೂ ಇದೇ ಬೆಳೆ ಎಂದೆ. ಇಂಡಿಯಾದವರು ಇದನ್ನು ಕೊಂಡು ತಿನ್ನುವವರೆಂದು ಅವರಿಗೆ ಗೊತ್ತಿತ್ತು, ಬೆಳೆಯುವವರೂ ಹೌದೆಂಬುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಕ್ಷೇತ್ರ ಸಹಾಯಕನ ಮೂಲಕ ಒಂದು ಮಾತು ಕೇಳಿದರು: "2017ರಲ್ಲಿ ಕೊಳ್ಳುವವರ ಲಾರಿ ನಮ್ಮೂರಿಗೆ ಬರಲೇ ಇಲ್ಲ. ಆ ವರ್ಷ ನಿಮ್ಮ ಜನ ನಂದೋಲೋ ತಿನ್ನುವುದನ್ನು ಬಿಟ್ಟಿದ್ದಿರಾ?"

ಆ ವರ್ಷ ನಾನು ಕಾಲೇಜಿನಲ್ಲಿದ್ದೆ. ತೊಗರಿ ಭರಪೂರ ಬೆಳೆದು ಗಂಜಿನಲ್ಲಿ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದಿತ್ತು. ಖರೀದಿ ಕೇಂದ್ರದ ಮುಂದೆ ಪಾಳಿ ಹಿಡಿದು ಅಪ್ಪ ಚೀಲಗಳ ಮೇಲೆಯೇ ಮಲಗಿದ್ದರು, ಆಮದು ನಿಲ್ಲಿಸಿ ಎಂದು ನಮ್ಮ ಜಿಲ್ಲೆಯ ರೈತರು ಬೀದಿಗಿಳಿದಿದ್ದರು, ನಾನೂ ಒಂದು ದಿನ ಆ ಗುಂಪಿನಲ್ಲಿ ನಿಂತಿದ್ದೆ. ಆಗಸ್ಟ್ 2017ರಲ್ಲಿ ಕೇಂದ್ರ ಸರಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಆಗಸ್ಟ್ ಎಂದರೆ ಫಲೊಂಬೆಯಲ್ಲಿ ನಂದೋಲೋ ಕಣದಲ್ಲಿರುವ ಹೊತ್ತು. ನಾನು ಕೂಗಿದ ಘೋಷಣೆ ಈ ಕಣಕ್ಕೆ ಬಂದು ಬಿದ್ದಿತ್ತು. ಇದನ್ನೆಲ್ಲ ನಾನು ಬಿಡಿಸಿ ಹೇಳಿದೆ, ಸಹಾಯಕ ಎಷ್ಟು ದಾಟಿಸಿದನೋ. ನಾನು ಯಾದಗಿರಿಯಲ್ಲಿ ಮಾಡುತ್ತಿದ್ದಂತೆ ಅವನೂ ಕೆಲವನ್ನು ನುಂಗಿಕೊಂಡಿರಬೇಕು. ಆಕೆಗೆ ಸಿಟ್ಟು ಬರಲಿಲ್ಲ. ಹಾಗಾದರೆ ನಿನ್ನ ಅಪ್ಪನಿಗೆ ಆಮೇಲೆ ಒಳ್ಳೆಯ ಬೆಲೆ ಸಿಕ್ಕಿತಲ್ಲವೇ ಎಂದು ಕೇಳಿದರು. ಸಿಗಲಿಲ್ಲ. ಮಿತಿ ಹಾಕಿದ ಮೇಲಿನ ರಾಶಿಯಲ್ಲೂ ಗಂಜಿನ ದರ ಬೆಂಬಲ ಬೆಲೆಯನ್ನು ಮುಟ್ಟಿರಲಿಲ್ಲ.

ಆ ಮೇಲೆ ನನ್ನ ಕೆಲಸದ ಬಗೆ ನನಗೆ ಸ್ವಲ್ಪ ಸ್ಪಷ್ಟವಾಯಿತು. 2021ರಲ್ಲಿ ಭಾರತ ಮಲಾವಿಯಿಂದ ಐದು ವರ್ಷ, ವರ್ಷಕ್ಕೆ 50,000 ಟನ್ ತೊಗರಿ ತರಿಸಿಕೊಳ್ಳಲು ಒಪ್ಪಂದ ಮಾಡಿಕೊಂಡದ್ದು ಆ ಊರಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಒಪ್ಪಂದವನ್ನು ಬದಲಿಸುವುದು ಐದು ಜನರ ಸಂಸ್ಥೆಯಿಂದಾಗದ ಕೆಲಸ, ಒಬ್ಬ ಇಂಟರ್ನ್‌ನಿಂದಂತೂ ಆಗದು. ಆದರೆ ವ್ಯಾಪಾರಿಯ ತೂಕದ ಕಾಟಾ ಸರಿಯಿದೆಯೇ ಎಂದು ನೋಡಬಹುದು. ಸಂಸ್ಥೆಯಲ್ಲಿ ತೂಗುಹಾಕುವ ಸ್ಪ್ರಿಂಗ್ ಕಾಟಾ ಒಂದಿತ್ತು. ಕಟಾವಿನ ಉಳಿದ ದಿನಗಳಲ್ಲಿ ಅದನ್ನು ಸೈಕಲ್ ಟ್ಯಾಕ್ಸಿಯಲ್ಲಿ ಕಟ್ಟಿಕೊಂಡು ಊರೂರು ತಿರುಗಿ, ಮಾವಿನ ಮರದ ಕೊಂಬೆಗೆ ತೂಗುಬಿಟ್ಟು, ವ್ಯಾಪಾರಿ ಬರುವ ಮೊದಲೇ ಚೀಲಗಳನ್ನು ತೂಗಿ, ಇದ್ದಿಲಿನಿಂದ ಚೀಲದ ಮೇಲೆ ಬರೆದೆವು. ಬರೆದ ಚೀಲವನ್ನು ಕಡಿಮೆ ತೂಗಲು ವ್ಯಾಪಾರಿಗೂ ಮುಜುಗರ. ಗಂಜಿನಲ್ಲಿ ಹಮಾಲರ ನಡುವೆ ನಿಂತು ಕಾಟಾದ ಮುಳ್ಳಿನ ಮೇಲೆ ಕಣ್ಣಿಡುವುದನ್ನು ಅಪ್ಪನಿಂದ ಕಲಿತಿದ್ದೆ. ಇಡೀ ಆರು ತಿಂಗಳಲ್ಲಿ ನಾನು ಊರಿನಿಂದ ಹೊತ್ತೊಯ್ದ ಅರ್ಹತೆಯೆಂದು ಹೇಳಬಹುದಾದದ್ದು ಅದೊಂದೇ.

ನವೆಂಬರ್ ಎರಡನೆಯ ವಾರ ಮಲಾವಿಯ ರಿಸರ್ವ್ ಬ್ಯಾಂಕು ಅಲ್ಲಿನ ಹಣವಾದ ಕ್ವಾಚಾದ ಬೆಲೆ ಇಳಿಸಿತು. ಡಾಲರಿಗೆ ಸುಮಾರು 1,180 ಇದ್ದದ್ದು ಒಮ್ಮೆಲೇ 1,700 ಆಯಿತು. ಸಂಘದ ಪಾಲು ಹಂಚಿಕೆ ನಡೆದದ್ದು ಅದರ ಮುಂದಿನ ವಾರ. ಮೂರು ಕೀಲಿ ತೆರೆದವು, ಲೆಕ್ಕ ಒಂದು ಕ್ವಾಚಾದಷ್ಟೂ ತಪ್ಪಲಿಲ್ಲ. ಎಣಿಸಿಕೊಂಡ ನೋಟುಗಳನ್ನು ಹಿಡಿದು ಗೊಬ್ಬರದ ಅಂಗಡಿಗೆ ಹೋದವರು ಎಣಿಸಿದ್ದಕ್ಕಿಂತ ಕಡಿಮೆ ಚೀಲ ಹೊತ್ತು ಬಂದರು.

ನಾನು ಊರಿಗೆ ಬಂದಾಗ ನಮ್ಮ ಹೊಲದಲ್ಲಿ ತೊಗರಿ ಕಾಯಿ ಕಟ್ಟಿತ್ತು. ಆಫ್ರಿಕಾದ ತೊಗರಿ ಹಡಗು ಹತ್ತಿ ನಮ್ಮ ಬಂದರು ಮುಟ್ಟುವುದು ಸರಿಸುಮಾರು ಇದೇ ಕಾಲಕ್ಕೆ, ನಮ್ಮ ರಾಶಿಗೆ ತುಸು ಮುಂಚೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಇದ್ದಿಲಿನಿಂದ ತೂಕ ಬರೆದದ್ದು ಅವರಿಗೆ ಹಿಡಿಸಿತು. ಅಧ್ಯಕ್ಷೆಯ ಪ್ರಶ್ನೆಗೆ ಮಾತ್ರ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, "ಅಕಿ ಮಾರ್ಲಿ, ಬ್ಯಾಡ ಅನ್ನಲ್ಲ. ಆದ್ರ ನಮ್ಮ ರಾಶಿ ಟೈಮಿಗಿ ತರಸಬಾರ್ದು" ಎಂದರು. ಅಲ್ಲಿ ಕೊಯ್ಲು ಮುಗಿದು ಹಡಗು ಇಲ್ಲಿಗೆ ಮುಟ್ಟುವುದೇ ಆಗ ಎಂದೆ. ಹಾಗಾದ್ರ ಗೋದಾಮಿನಾಗ ಇಡ್ಲಿ ಎಂದರು. ಗೋದಾಮು ಯಾರದು, ಬಾಡಿಗೆ ಯಾರು ಕೊಡಬೇಕು ಎಂಬಲ್ಲಿಗೆ ನಮ್ಮ ವಾದ ಇಂದಿಗೂ ನಿಂತಿದೆ.

ಆ ಸಂಘದ ಪಾಸ್‌ಬುಕ್ಕಿನ ಫೋಟೋಗಳು ಈಗಲೂ ನನ್ನ ವಾಟ್ಸಾಪಿಗೆ ಬರುತ್ತವೆ. ಭಾನುವಾರ ರಾತ್ರಿ ಕುಳಿತು ತುಂಬಿ ಕಳಿಸುತ್ತೇನೆ. ಬರುವಾಗ ನಾನು ಬ್ಲಾಂಟೈರ್ ನಗರದ ಅಂಗಡಿಯಲ್ಲಿ ಕೊಂಡು ಕೊಟ್ಟು ಬಂದದ್ದು ಒಂದು ಡಜನ್ ಠಸ್ಸೆಯ ಪ್ಯಾಡು, ಎಲ್ಲವೂ ಕೆಂಪು ಶಾಯಿಯವು.